ಅಲುಗುವ ಕೀಲು, ಬಿಗಿಯುವ ರಜ್ಜು

ಬೆನ್ನುಮೂಳೆಯ ಬುಡದ ತ್ರಿಕಾಸ್ಥಿಯು ಎರಡು ಪಕ್ಕದ ಸೊಂಟದ ಮೂಳೆಗಳೊಡನೆ ಹಿಂಬದಿಯಲ್ಲಿ ಎರಡು ಕಡೆ ಕೂಡಿಕೊಂಡು, ಆ ಮೂಳೆಗಳು ಮುಂಬದಿಯಲ್ಲಿ ಮೃದ್ವಸ್ಥಿಯ ಮೂಲಕ ಒಂದನ್ನೊಂದು ಸೇರುವುದರಿಂದ ಶ್ರೋಣಿಯೆಂಬ ಉಂಗುರ ಏರ್ಪಡುತ್ತದೆ. ಈ ಮೂರು ಕೀಲುಗಳು ಅಲುಗುತ್ತವೆಯೋ ಇಲ್ಲವೋ ಎಂಬ ವಾದ ಶತಮಾನಗಳ ಕಾಲ ನಡೆಯಿತು. ಮೂಳೆಯಿಂದ ಮೂಳೆಗೆ ಹಬ್ಬಿ ಅವನ್ನು ಬಿಗಿಹಿಡಿಯುವ ನಾರಿನ ಪಟ್ಟಿಗಳಾದ ಅಸ್ಥಿರಜ್ಜುಗಳ ಮಹತ್ವ ಬೆಳಕಿಗೆ ಬಂದದ್ದು ಆ ವಾದದ ಜೊತೆಜೊತೆಗೇ.

ಹೆರಿಗೆಯಲ್ಲಿ ಈ ಮೂಳೆಗಳು ಬೇರ್ಪಡುತ್ತವೆಂಬುದು ಹಿಪೊಕ್ರೇಟಿಸನ ಪರಂಪರೆಯ ನಂಬಿಕೆ. 1777ರಲ್ಲಿ ಪ್ಯಾರಿಸ್ಸಿನ ಸಿಗೋ ಎಂಬ ವೈದ್ಯನು ಇಕ್ಕಟ್ಟಾದ ಶ್ರೋಣಿಯ ಹೆಣ್ಣೊಬ್ಬಳ ಮುಂಬದಿಯ ಕೀಲನ್ನೇ ಕೊಯ್ದು ಹೆರಿಗೆ ಮಾಡಿಸಿದಾಗ ತಾಯಿ, ಮಗು ಇಬ್ಬರೂ ಬದುಕಿದರು. ಆದರೆ ಮೂತ್ರ ಸೋರಿಕೆಯೂ ನಡಿಗೆಯ ತೊಂದರೆಯೂ ಆ ತಾಯಿಯನ್ನು ಬಿಡಲಿಲ್ಲ. ಈ ಶಸ್ತ್ರಕ್ರಿಯೆಗಾಗಿ ಸಿಗೋವಿಗೆ ಪದಕ ನೀಡಿದವರು ಈ ತೊಂದರೆಗಳನ್ನು ಹಗುರವಾಗಿ ಕಂಡರೆಂದೇ ಹೇಳಬೇಕು. ಕೊಯ್ಯದೆಯೇ ಈ ಕೀಲಿನ ರಜ್ಜು ಸಡಿಲಗೊಳ್ಳುವ ಬಗೆಯನ್ನು 1926ರಲ್ಲಿ ಹಿಸಾ ಎಂಬ ಸಂಶೋಧಕನು ಗಿನಿಹಂದಿಗಳಲ್ಲಿ ತೋರಿಸಿದನು. ಅದಕ್ಕೆ ಕಾರಣವಾದ ಹಾರ್ಮೋನಿಗೆ ಮುಂದೆ ರಿಲ್ಯಾಕ್ಸಿನ್ ಎಂಬ ಹೆಸರಾಯಿತು.

1905ರಲ್ಲಿ ಬಾಸ್ಟನ್ನಿನ ಗೋಲ್ಡ್‌ತ್ವೇಟ್ ಮತ್ತು ಆಸ್‌ಗುಡ್ ಸೊಂಟನೋವಿಗೆ ಹಿಂಬದಿಯ ಕೀಲುಗಳೂ ಕಾರಣವೆಂದು ವಾದಿಸಿದರಾದರೂ, 1934ರಲ್ಲಿ ಮಿಕ್ಸ್‌ಟರ್ ಮತ್ತು ಬಾರ್ ಬೆನ್ನುಮೂಳೆಯ ಡಿಸ್ಕ್ ಹೊರಚಾಚಿ ನರವನ್ನೊತ್ತುವುದನ್ನು ವಿವರಿಸಿದ ಮೇಲೆ ವೈದ್ಯರ ಗಮನವೆಲ್ಲ ಅತ್ತ ಹರಿದು, ಈ ಕೀಲು ಅನ್ಯಾಯವಾಗಿ ಮೂಲೆಗೆ ಬಿತ್ತು. ಸ್ವೀಡನ್ನಿನ ಸ್ಟುರೆಸ್ಸನ್ ಮತ್ತು ಸಂಗಡಿಗರು ಮೂಳೆಯೊಳಗೆ ಲೋಹದ ಸಣ್ಣ ಗುಂಡುಗಳನ್ನಿಟ್ಟು ಎಕ್ಸ್‌ರೇಯಿಂದ ಅಳೆದು 1989ರಲ್ಲಿ ಪ್ರಕಟಿಸಿದ ಪ್ರಕಾರ, ಹಿಂಬದಿಯ ಕೀಲು ಅಲುಗುವುದು ನಿಜ, ಆದರೆ ಸರಾಸರಿ ಎರಡೂವರೆ ಡಿಗ್ರಿಯಷ್ಟು ಮಾತ್ರ.

ಅಷ್ಟಕ್ಕೇ ಅದನ್ನು ತಡೆದು ನಿಲ್ಲಿಸುವವುಗಳಲ್ಲಿ ತ್ರಿಕಾಸ್ಥಿಗೂ ಸೊಂಟದ ಮೂಳೆಗೂ ನಡುವೆ ಆಳದಲ್ಲಿ ಹುದುಗಿರುವ ರಜ್ಜುವೇ ಅತ್ಯಂತ ಬಲಶಾಲಿ. ತ್ರಿಕಾಸ್ಥಿಯಿಂದ ಸೊಂಟದ ಮೂಳೆಯ ಕೆಳಭಾಗವಾದ ಕೂರುಮೂಳೆಗೆ ಇಳಿಯುವ ಇನ್ನೆರಡು ರಜ್ಜುಗಳು, ದೇಹದ ಭಾರಕ್ಕೆ ತ್ರಿಕಾಸ್ಥಿಯ ಮೇಲ್ತುದಿ ಮುಂದಕ್ಕೆ ಬಾಗುವಾಗ ಕೆಳತುದಿ ಹಿಂದಕ್ಕೆ ಏಳದಂತೆ ಎಳೆದು ಹಿಡಿಯುತ್ತವೆ. ವಾಹನ ಅಪಘಾತಗಳಲ್ಲಿ ಶ್ರೋಣಿಗೆ ಮುಂದಿನಿಂದ ಬಲವಾದ ಪೆಟ್ಟು ಬಿದ್ದಾಗ ಉಂಗುರವು ತೆರೆದ ಪುಸ್ತಕದಂತೆ ಬಿಚ್ಚಿಕೊಳ್ಳುವುದುಂಟು. ಮುಂಬದಿಯ ಬಿರುಕು ಎರಡೂವರೆ ಸೆಂಟಿಮೀಟರ್ ಮೀರಿದರೆ ಹಿಂಬದಿ ಕೀಲಿನ ಮುಂದಿನ ರಜ್ಜುಗಳೂ ಹರಿದಿರಬಹುದೆಂದು ಶಸ್ತ್ರವೈದ್ಯರು ಭಾವಿಸುತ್ತಾರೆ. ಹಿಂದಿನವೂ ಹರಿದರೆ ಅರ್ಧ ಶ್ರೋಣಿಯೇ ಮೇಲಕ್ಕೆ ಸರಿಯಬಲ್ಲದು. ಆಗ ಮೂಳೆಗಿಂತ ಮೊದಲು ಪ್ರಾಣಕ್ಕೆ ಕುತ್ತಾಗುವುದು ಒಳಗಿನ ರಕ್ತಸ್ರಾವವಾದ್ದರಿಂದ, ಆಸ್ಪತ್ರೆ ತಲುಪುವವರೆಗೆ ಅಗಲವಾದ ಪಟ್ಟಿಯನ್ನೋ ಮಡಿಸಿದ ಹೊದಿಕೆಯನ್ನೋ ಹೊಟ್ಟೆಗೆ ಕಟ್ಟದೆ ತೊಡೆಮೂಳೆಗಳ ಮೇಲ್ತುದಿಯ ಉಬ್ಬುಗಳ ಮಟ್ಟಕ್ಕೆ ಬಿಗಿದು ಕಟ್ಟಲಾಗುತ್ತದೆ.