ಮರ ಹತ್ತುವ ಕಸುಬು: ನಮ್ಮ ಅನುಭವ

(ಸುವರ್ಣ ಮಹೋತ್ಸವದ ಎರಡನೆಯ ದಿನ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹರೂಪ)

ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಮುಂದೆ ‘ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್’ ಎಂದು ಹಾಕಿದ್ದೀರಿ. ಸುಳ್ಳೇನಲ್ಲ. ಸೋಮವಾರದಿಂದ ಶುಕ್ರವಾರದವರೆಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಅದೇ ಕೆಲಸ. ಆದರೆ ಅದರ ಬಗ್ಗೆ ಮಾತಾಡಿದರೆ ಹಿಂದಿನ ಸಾಲಿನವರು ಎದ್ದು ಮಂಡಕ್ಕಿ ಅಂಗಡಿಗೆ ಹೋಗುತ್ತೀರಿ ಅಂತ ಗೊತ್ತು. ಅದಕ್ಕೇ ಇನ್ನೊಂದು ಕೆಲಸದ ವಿಷಯ ಹೇಳುತ್ತೇನೆ. ಏಳು ವರ್ಷದಿಂದ ನಾನೂ ನನ್ನ ಒಬ್ಬ ಸಹಪಾಠಿಯೂ ಸೇರಿ ಬೆಂಗಳೂರಿನಲ್ಲಿ ಮರ ಸವರುವ, ಅಪಾಯದ ಕೊಂಬೆ ಇಳಿಸುವ ವ್ಯವಹಾರ ನಡೆಸುತ್ತಿದ್ದೇವೆ. ಇಂಗ್ಲೆಂಡಿನಲ್ಲಿ ಇದನ್ನು ಟ್ರೀ ಸರ್ಜರಿ ಎನ್ನುತ್ತಾರೆ, ಮರದ ಶಸ್ತ್ರಚಿಕಿತ್ಸೆ. ನಮ್ಮ ಕಡೆ ಇದಕ್ಕೆ ಹೆಸರೇ ಇಲ್ಲ. ಫೋನ್ ಮಾಡುವವರು “ಮರ ಕಡಿಯುವವರಾ?” ಎಂದೇ ಕೇಳುತ್ತಾರೆ.

ನನ್ನ ಸಹಪಾಠಿ ಯಾರು ಅಂತ ನಿಮ್ಮಲ್ಲಿ ಅರ್ಧ ಜನಕ್ಕೆ ಗೊತ್ತು. ವೇದಿಕೆಗೆ ಬಾ ಎಂದರೆ ಬರಲಿಲ್ಲ, ಅಡುಗೆ ಚಪ್ಪರದ ಹತ್ತಿರ ನಿಂತಿದ್ದಾನೆ. ನಾವಿಬ್ಬರೂ ಎಂಟರಿಂದ ಹತ್ತರವರೆಗೆ ಒಂದೇ ಬೆಂಚು. ಅವನು ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ನಪಾಸಾದ, ಅಪ್ಪನ ಹಿಂದೆ ಅಡಿಕೆ ತೋಟಕ್ಕೆ ನಡೆದ. ನಾನು ಪಿಯುಸಿಗೆ ಶಿವಮೊಗ್ಗಕ್ಕೆ ಹೋದೆ. ನಾನು ಬಿ.ಇ. ಮುಗಿಸುವ ಹೊತ್ತಿಗೆ ಅವನು ಈ ಸುತ್ತಿನ ಒಳ್ಳೆಯ ಕೊನೆಕಾರನಾಗಿದ್ದ. ಕಾಲಿಗೆ ತಳೆ, ಕೂರಲು ಕೊನೆಮಣೆ, ಇಷ್ಟರಲ್ಲೇ ಮರದ ತುದಿಗೆ ಹೋಗಿ, ಮರ ಬಗ್ಗಿಸಿ, ಕೆಳಗಿಳಿಯದೆ ಪಕ್ಕದ ಮರಕ್ಕೆ ದಾಟುವುದನ್ನು ನೀವೆಲ್ಲ ನೋಡಿದ್ದೀರಿ. ಅದು ಎಂಥ ವಿದ್ಯೆ ಅಂತ ನನಗೆ ಬೆಂಗಳೂರಿಗೆ ಹೋದ ಮೇಲೆ ಅರ್ಥವಾಯಿತು.

ನಾನಿದ್ದ ಬಾಡಿಗೆ ಮನೆಯ ಮುಂದೆ ಒಂದು ಗುಲ್‌ಮೊಹರ್ ಮರವಿತ್ತು. ಏಪ್ರಿಲ್ ಗಾಳಿಮಳೆಗೆ ಒಂದು ಕೊಂಬೆ ಮುರಿದು ಕಾರಿನ ಮೇಲೆ ಬಿತ್ತು. ಮಾಲೀಕರು ಯಾರನ್ನೋ ಕರೆಸಿದರು. ಬಂದವರು ಎಲ್ಲ ಕೊಂಬೆಗಳನ್ನೂ ಕಡಿದು ಮರವನ್ನು ಕಂಬ ಮಾಡಿ, ದುಡ್ಡೂ ತೆಗೆದುಕೊಂಡು, ಸೌದೆಯನ್ನೂ ಒಯ್ದರು. ಆ ವಾರ ಮದುವೆಗೆಂದು ಬಂದಿದ್ದ ಇವನು ನೋಡಿ ಒಂದೇ ಮಾತು ಹೇಳಿದ: “ಕಡಿದವನಿಗೆ ಕತ್ತಿ ಗೊತ್ತು, ಮರ ಗೊತ್ತಿಲ್ಲ.” ನಮ್ಮ ವ್ಯವಹಾರ ಶುರುವಾದದ್ದು ಅಲ್ಲಿಂದ.

ಮೊದಲು ಗಾಡಿ. ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ಕೊಂಡೆವು. ಸೊಪ್ಪು ಸದೆ ತುಂಬಲು ಜಾಗ ಸಾಕು ಅಂತ ನಾನು ಅಳತೆ ಹಾಕಿದ್ದೆ, ತೂಕದ ಲೆಕ್ಕ ಹಾಕಿರಲಿಲ್ಲ. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಕೊಂಬೆ ಹೆಚ್ಚುಕಡಿಮೆ 200 ಕಿಲೋ ತೂಗುತ್ತದೆ. ಏಸ್ ಹೊರುವುದು ಮುಕ್ಕಾಲು ಟನ್. ಅಂದರೆ ಅಂಥ ನಾಲ್ಕು ತುಂಡು ಹಾಕುವಷ್ಟರಲ್ಲೇ ಗಾಡಿ ಸೋಲುತ್ತದೆ. ಮೊದಲ ತಿಂಗಳೇ ಹಿಂದಿನ ಪಟ್ಟಿ ಮುರಿಯಿತು. ಈಗ ಏಸ್‌ನಲ್ಲಿ ಹಗ್ಗ, ಯಂತ್ರ, ಜನ. ಮರಕ್ಕೆ ದೊಡ್ಡ ಟಿಪ್ಪರ್ ಬಾಡಿಗೆಗೆ. ಸೊಪ್ಪನ್ನು ಪುಡಿ ಮಾಡುವ ಚಿಪ್ಪರ್ ಒಂದನ್ನು ಮೂರನೇ ವರ್ಷ ಕೊಂಡೆವು. ಮೂರು ಲೋಡು ಒಂದಾಯಿತು, ಪುಡಿಯನ್ನು ಕೈತೋಟದವರು ಕೇಳಿ ಒಯ್ಯುತ್ತಾರೆ. ಇಷ್ಟು ವರ್ಷದಲ್ಲಿ ಕೊಂಡದ್ದರಲ್ಲಿ ಬುದ್ಧಿವಂತಿಕೆಯ ಖರೀದಿ ಅದೊಂದೇ.

ಬುಟ್ಟಿ ಇರುವ ಎತ್ತರದ ಲಿಫ್ಟ್ ಗಾಡಿ ಇದ್ದರೆ ಹತ್ತುವವನೇ ಬೇಡ ಅಂತ ಕೆಲವರು ಹೇಳುತ್ತಾರೆ. ಬಸವನಗುಡಿ, ಮಲ್ಲೇಶ್ವರದ ಅಡ್ಡರಸ್ತೆಗಳಿಗೆ ಬನ್ನಿ. ಎರಡೂ ಕಡೆ ಕಾರು, ಮೇಲೆ ಕರೆಂಟು ತಂತಿ, ಅದರ ಕೆಳಗೆ ಇಂಟರ್ನೆಟ್ ಕೇಬಲ್ಲು. ಮರವಿರುವುದು ಮನೆಯ ಹಿತ್ತಲಲ್ಲಿ. ಗಾಡಿ ಗೇಟಿನ ಹೊರಗೇ ನಿಲ್ಲುತ್ತದೆ. ಕೊನೆಗೆ ಹಗ್ಗ ಕಟ್ಟಿಕೊಂಡು ಮನುಷ್ಯನೇ ಹೋಗಬೇಕು.

ಆದರೆ ಅಡಿಕೆ ಮರ ಹತ್ತುವವನು ಮಳೆಮರ ಹತ್ತಲಾರ, ಹೊಸದಾಗಿ ಕಲಿಯಬೇಕು. ಅಡಿಕೆಗೆ ಕೊಂಬೆಯಿಲ್ಲ. ಇಲ್ಲಿ ಕೊಂಬೆಯೇ ಎಲ್ಲ. ಹಾರ್ನೆಸ್, ಹತ್ತುವ ಹಗ್ಗ ಬೇರೆ, ಕೊಂಬೆ ಇಳಿಸುವ ಹಗ್ಗ ಬೇರೆ. ಚೈನ್‌ಸಾ ಇಂಧನಕ್ಕೆ ಲೀಟರಿಗೆ 20 ಎಂ.ಎಲ್. ಆಯಿಲ್. ಇದನ್ನೆಲ್ಲ ನಾನು ಓದಿ ಹೇಳಿದೆ, ಅವನು ಮಾಡಿ ಕಲಿತ. ಕೊಂಬೆ ಕತ್ತರಿಸುವ ರೀತಿಯನ್ನಂತೂ ನಾವಿಬ್ಬರೂ ಮೊದಲು ತಪ್ಪಾಗಿಯೇ ತಿಳಿದಿದ್ದೆವು. ಕಾಂಡಕ್ಕೆ ಸಮನಾಗಿ ನುಣ್ಣಗೆ ಕಡಿದು ಡಾಂಬರು ಬಳಿಯಬೇಕು ಅಂತ ನಮ್ಮ ಹಿರಿಯರ ಅಭ್ಯಾಸವಲ್ಲವೇ? ಅಲೆಕ್ಸ್ ಶೈಗೋ ಎಂಬ ಅಮೆರಿಕದ ವಿಜ್ಞಾನಿ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ ಸಂಗತಿ ಬೇರೆ. ಮರದ ಗಾಯ ನಮ್ಮ ಗಾಯದಂತೆ ಮಾಯುವುದಿಲ್ಲ. ಕೊಳೆತ ಭಾಗ ಮುಂದೆ ಹೋಗದಂತೆ ಮರ ಒಳಗೊಳಗೇ ಗೋಡೆ ಕಟ್ಟುತ್ತದೆ, ಹೊರಗೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಆ ಶಕ್ತಿ ಇರುವುದು ಕೊಂಬೆಯ ಬುಡದ ಉಬ್ಬಿನಲ್ಲಿ. ಉಬ್ಬು ಬಿಟ್ಟು ಕಡಿಯಬೇಕು. ಅದೂ ಮೂರು ಪೆಟ್ಟಿನಲ್ಲಿ: ಮೊದಲು ಒಂದಡಿ ದೂರದಲ್ಲಿ ಕೆಳಗಿನಿಂದ ಸ್ವಲ್ಪ, ಆಮೇಲೆ ಅದಕ್ಕಿಂತ ತುಸು ಆಚೆ ಮೇಲಿನಿಂದ, ಭಾರ ಇಳಿದ ಮೇಲೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ. ಹೀಗೆ ಮಾಡಿದರೆ ತೊಗಟೆ ಸಿಗಿಯುವುದಿಲ್ಲ. ಡಾಂಬರು ಬೇಡ.

ಕೆಲಸ ಹಿಡಿಯುವುದರಲ್ಲಿ ಕಷ್ಟವೆಂದರೆ ಕಡಿಮೆ ಕಡಿಯಲು ಹೆಚ್ಚು ದುಡ್ಡು ಕೇಳುವುದು. “ಅರ್ಧ ದಿನ ಹತ್ತಿ ಬರೀ ನಾಲ್ಕು ಕೊಂಬೆ ತೆಗೆದಿರಿ” ಅಂತ ಜಗಳ ಆಡುತ್ತಾರೆ. ಇನ್ನು ಪೂರ್ತಿ ಮರ ಉರುಳಿಸಿ ಅನ್ನುವವರಿಗೆ, ನಿಮ್ಮ ಕಾಂಪೌಂಡಿನ ಒಳಗಿದ್ದರೂ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ವೃಕ್ಷಾಧಿಕಾರಿಯ ಅನುಮತಿ ಬೇಕು ಎನ್ನುತ್ತೇವೆ. ಆಗ ಅರ್ಧ ಜನ ಫೋನ್ ಇಡುತ್ತಾರೆ. ಇಡಲಿ.

ಈಗ ಒಂದು ವಿಷಯ ಹೇಳಬೇಕು. ಇದನ್ನು ಹೇಳಲೆಂದೇ ನಾನು ಈ ಮಾತಿಗೆ ಒಪ್ಪಿಕೊಂಡೆ.

ಎರಡನೆಯ ವರ್ಷ, ಮೇ ತಿಂಗಳು. ದೊಡ್ಡ ಗಾಳಿಮಳೆ ಹೊಡೆದು ಫೋನ್ ನಿಲ್ಲುತ್ತಿರಲಿಲ್ಲ. ನಾನು ಇಂಜಿನಿಯರ್ ಅಲ್ಲವೇ, ಯಾವ ಕೆಲಸದಿಂದ ಯಾವ ಕೆಲಸಕ್ಕೆ ಹೋದರೆ ದಾರಿ ಉಳಿಯುತ್ತದೆ ಅಂತ ಲೆಕ್ಕ ಹಾಕುವ ಪ್ರೋಗ್ರಾಂ ಬರೆದಿದ್ದೆ. ಅದು ದಿನಕ್ಕೆ ಮೂರು ಮರ ಎಂದಿತು. ದಾರಿ, ಎತ್ತರ, ಸುತ್ತಳತೆ ಎಲ್ಲ ಅದರಲ್ಲಿತ್ತು. ದಣಿವು ಇರಲಿಲ್ಲ.

ಮೂರನೆಯ ಮರ, ಸಂಜೆ ಐದು ದಾಟಿತ್ತು, ಹನಿ ಬೀಳುತ್ತಿತ್ತು. ಕೊಂಬೆಗೆ ಕಟ್ಟಿದ ಹಗ್ಗವನ್ನು ಕೆಳಗಿನವನು ಕಾಂಡಕ್ಕೆ ಸುತ್ತಿ ಹಿಡಿದು ನಿಧಾನ ಬಿಡಬೇಕು. ಭಾರವಿದ್ದಷ್ಟು ಸುತ್ತು ಹೆಚ್ಚು. ಬೆಳಿಗ್ಗೆಯಿಂದ ಹಗ್ಗ ಎಳೆದಿದ್ದ ಹುಡುಗ ಒಂದು ಸುತ್ತು ಕಡಿಮೆ ಹಾಕಿದ. ಕೊಂಬೆ ಸರ್ರನೆ ಓಡಿ, ತೂಗಿ ಬಂದು, ಮೇಲಿದ್ದ ನನ್ನ ಗೆಳೆಯನ ಕಾಲಿಗೆ ಬಡಿಯಿತು. ಮೊಣಕಾಲಿನ ಕೆಳಗೆ ಎಲುಬು ಎರಡು ಕಡೆ ಮುರಿಯಿತು. ಹಾರ್ನೆಸ್ ಇದ್ದದ್ದರಿಂದ ಬೀಳಲಿಲ್ಲ, ನೇತಾಡುತ್ತಿದ್ದ. ನನಗೆ ಹತ್ತಲು ಬರುವುದಿಲ್ಲ. ತಂಡದಲ್ಲಿದ್ದ ಇನ್ನೊಬ್ಬ ಹತ್ತುವವನು ಹೋಗಿ ಇಳಿಸಲು ಇಪ್ಪತ್ತು ನಿಮಿಷ ಬೇಕಾಯಿತು. ಅಷ್ಟು ಹೊತ್ತು ನಾನು ಕೆಳಗೆ ನಿಂತು ನೋಡಿದೆ.

ಗಾಡಿಗೆ ವಿಮೆ ಮಾಡಿಸಿದ್ದೆ. ಮನುಷ್ಯರಿಗೆ ಮಾಡಿಸಿರಲಿಲ್ಲ. ಆಸ್ಪತ್ರೆಯ ಖರ್ಚನ್ನು ನಾನು ಕೊಟ್ಟೆ, ಅದು ದೊಡ್ಡ ಮಾತಲ್ಲ. ಐದು ತಿಂಗಳು ಅವನು ಇದೇ ಊರಿನಲ್ಲಿ ಮಂಚದ ಮೇಲಿದ್ದ. ನೋಡಲು ಬಂದಾಗ ಅವನ ತಾಯಿ ಚಹಾ ಕೊಟ್ಟು ಕೇಳಿದರು: “ನೀನು ಓದಿದವ. ನಿನಗೆ ಗೊತ್ತಿರಲಿಲ್ಲವಾ?” ಬೈಗುಳವಾಗಿ ಅಲ್ಲ, ನಿಜವಾಗಿಯೇ ಕೇಳಿದರು. ನಾನು ಚಹಾ ಕುಡಿದು ಎದ್ದು ಬಂದೆ.

ಆ ಹುಡುಗನನ್ನು ಕೆಲಸದಿಂದ ತೆಗೆಯಬೇಕು ಅಂತ ನಾನಂದಾಗ ಬೇಡವೆಂದವನು ಇವನೇ. “ಅವನ ಕೈಯಲ್ಲಿ ಶಕ್ತಿ ಇರಲಿಲ್ಲ, ಅದು ಅವನ ತಪ್ಪಲ್ಲ” ಎಂದ. ಯಾರ ತಪ್ಪು ಅಂತ ಹೇಳಲಿಲ್ಲ. ಆ ಹುಡುಗ ಈಗ ಕೆಳಗಿನ ಕೆಲಸಕ್ಕೆಲ್ಲ ಮುಖ್ಯಸ್ಥ.

ಆರು ತಿಂಗಳ ನಂತರ ಮತ್ತೆ ಶುರು ಮಾಡುವಾಗ ಅವನು ಷರತ್ತು ಹಾಕಿದ. ದಿನಕ್ಕೆ ಒಂದೇ ದೊಡ್ಡ ಮರ. ಮೂರೂವರೆಯ ಮೇಲೆ ಯಾರೂ ಮೇಲಿರಬಾರದು. ಒಬ್ಬ ಮೇಲಿದ್ದರೆ ಅವನನ್ನು ಇಳಿಸಬಲ್ಲ ಇನ್ನೊಬ್ಬ ಹಾರ್ನೆಸ್ ಹಾಕಿಕೊಂಡು ಕೆಳಗಿರಬೇಕು, ಅವನಿಗೂ ಪೂರ್ತಿ ಕೂಲಿ. ತಂತಿ ಹತ್ತಿರವಿದ್ದರೆ ಲೈನ್ ಆಫ್ ಆಗಿದೆ ಅಂತ ಫೋನಿನಲ್ಲಿ ಕೇಳಿದರೆ ಸಾಲದು, ಲೈನ್‌ಮನ್ ಎದುರಿಗೆ ನಿಂತಿರಬೇಕು. ಹಸಿ ಕೊಂಬೆಯಲ್ಲೂ ಕರೆಂಟು ಹರಿಯುತ್ತದೆ. ಐದೂ ಜನರ ಅಪಘಾತ ವಿಮೆ ಕಟ್ಟಿದ ಮೇಲೆ ಗಾಡಿಯ ಕಂತು. ಬೆಲೆ ಹೇಳುವುದು ನಾನಲ್ಲ, ಅವನು. ಲಾಭದಲ್ಲಿ ಅರ್ಧರ್ಧ ಮೊದಲಿಂದಲೂ ಇತ್ತು. ನನ್ನ ಪ್ರೋಗ್ರಾಂ ಈಗ ಬಿಲ್ಲು ಮಾತ್ರ ಬರೆಯುತ್ತದೆ. ಕೆಲಸ ಕಡಿಮೆಯಾಯಿತು, ಮೊದಲ ಎರಡು ವರ್ಷ ನಷ್ಟವೇ. ಈಗ ಐದು ಸಂಸಾರ ನಡೆಯುತ್ತದೆ. ನಾನು ನೌಕರಿ ಬಿಡುವಷ್ಟು ಅಲ್ಲ, ನನಗೆ ಅಷ್ಟು ಧೈರ್ಯವೂ ಇಲ್ಲ.

ಇನ್ನೊಂದೇ ವಿಷಯ. ಧ್ವಜಕಟ್ಟೆಯ ಪಕ್ಕದ ಮಾವಿನ ಮರ ಪೊಟರೆಯಾಗಿದೆ, ಎಂಟನೇ ತರಗತಿಯ ಹೆಂಚಿನ ಮೇಲೆ ಬಿದ್ದೀತು, ಕಡಿಸಿಬಿಡೋಣ ಅಂತ ಸಮಿತಿಯಲ್ಲಿ ಮಾತಾಗಿದೆಯಂತೆ. ಮುಖ್ಯೋಪಾಧ್ಯಾಯರು ನಮ್ಮನ್ನು ಕೇಳಿದರು. ಪೊಟರೆ ಇದೆ ಅಂದ ಮಾತ್ರಕ್ಕೆ ಮರ ಬೀಳುವುದಿಲ್ಲ. ಸುತ್ತ ಉಳಿದಿರುವ ಗಟ್ಟಿ ಗೋಡೆ ಎಷ್ಟು ದಪ್ಪ ಅನ್ನುವುದು ಮುಖ್ಯ. ಜರ್ಮನಿಯ ಕ್ಲಾಸ್ ಮ್ಯಾಥೆಕ್ ಎಂಬವರ ಒಂದು ಸರಳ ಲೆಕ್ಕವಿದೆ: ಗೋಡೆಯ ದಪ್ಪ ಕಾಂಡದ ತ್ರಿಜ್ಯದ ಸುಮಾರು ಮೂರರಲ್ಲೊಂದು ಭಾಗಕ್ಕಿಂತ ಕಡಿಮೆಯಾದರೆ ಚಿಂತಿಸಬೇಕು. ನಿನ್ನೆ ಸಂಜೆ ಇವನು ಮರದ ಸುತ್ತಿಗೆಯಿಂದ ಸುತ್ತ ತಟ್ಟಿ ಕೇಳಿ, ದಾರ ಹಿಡಿದು ಸುತ್ತಳತೆ ತೆಗೆದು, ಅದರಿಂದ ತ್ರಿಜ್ಯ ಲೆಕ್ಕ ಹಾಕಿದ. ಗಣಿತದ ಮೇಷ್ಟ್ರು ಪಕ್ಕದಲ್ಲೇ ಇದ್ದರು, ಸಾಕ್ಷಿ ಹೇಳಬಹುದು. ಬುಡ ಸಾಕಷ್ಟು ಗಟ್ಟಿಯಿದೆ ಎಂದು ಅವನ ಅಂದಾಜು. ಹೆಂಚಿನ ಮೇಲೆ ಚಾಚಿದ ಎರಡು ಒಣ ಕೊಂಬೆ ತೆಗೆದರೆ ಸಾಕಾಗಬಹುದು. ಕವಲಿನ ಹತ್ತಿರ ಕೊಳೆತಿದೆಯೇ ಎಂಬುದು ಮಾತ್ರ ಕೆಳಗಿನಿಂದ ಕಾಣುವುದಿಲ್ಲ.

ಅದಕ್ಕೆ ನಾಳೆ ಬೆಳಿಗ್ಗೆ ಏಳಕ್ಕೆ ಅವನು ಹತ್ತುತ್ತಾನೆ. ಅಲ್ಲಿಯವರೆಗೆ ದಯವಿಟ್ಟು ಏನೂ ತೀರ್ಮಾನ ಮಾಡಬೇಡಿ. ತಂಡದ ಇನ್ನಿಬ್ಬರು ರಾತ್ರಿ ಬಸ್ಸಿಗೆ ಬರುತ್ತಿದ್ದಾರೆ, ಅವರು ಬರದೆ ಅವನು ನೆಲ ಬಿಡುವುದಿಲ್ಲ. ಮಕ್ಕಳನ್ನು ಹಗ್ಗದ ಗೆರೆ ದಾಟಿ ಬಿಡಬೇಡಿ. ನೋಡಬೇಕೆನ್ನುವವರು ಜಗುಲಿಯ ಮೇಲೆ ನಿಂತು ನೋಡಬಹುದು.