ಹುಟ್ಟಿದ ಹಬ್ಬ ಬಿಟ್ಟುಕೊಟ್ಟ ಮೇಷ್ಟ್ರು

(ಹೊಸಪೇಟೆಯ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಕಂಪ್ಲಿ, ಸಂಡೂರು, ಹಂಪಿ ಕಡೆಯಿಂದ ಬಂದೀರಿ. ಒಂದು ದಿನದ ಕೂಲಿ ಬಿಟ್ಟು ಬಂದೀರಿ. ಕುಂದ್ರಿ. ಬಹಳ ಹೊತ್ತು ಮಾತಾಡೋದಿಲ್ಲ.

ಇವತ್ತು ಸೆಪ್ಟೆಂಬರ್ 5, ಶಿಕ್ಷಕರ ದಿನ. ಬೆಳಿಗ್ಗೆ ಮಕ್ಕಳು ಹೂವು ಹಿಡಿದು ಶಾಲೆಗೆ ಓಡಿದ್ದು ನೋಡಿರಬೇಕು. ಇದು ಸರ್ವಪಲ್ಲಿ ರಾಧಾಕೃಷ್ಣನ್ ಅವರು ಹುಟ್ಟಿದ ದಿನ. ಅವರು ನಮ್ಮ ದೇಶದ ಎರಡನೆಯ ರಾಷ್ಟ್ರಪತಿ. ಹುಟ್ಟಿದ್ದು 1888ರಲ್ಲಿ, ತಿರುತ್ತಣಿಯಲ್ಲಿ. 2013ಕ್ಕೆ ಅವರು ಹುಟ್ಟಿ 125 ವರ್ಷ ತುಂಬಿತು.

ಅವರದು ಬಡವರ ಮನೆ. ಕಾಲೇಜಿಗೆ ಹೋದಾಗ ಪುಸ್ತಕ ಕೊಳ್ಳಲು ದುಡ್ಡಿರಲಿಲ್ಲ. ಓದು ಮುಗಿಸಿದ ನೆಂಟರ ಹುಡುಗ ತನ್ನ ಹಳೆ ಪುಸ್ತಕ ಕೊಟ್ಟ. ಅವು ತತ್ವಶಾಸ್ತ್ರದ ಪುಸ್ತಕಗಳು. ಇವರು ಅದನ್ನೇ ಓದಿದರು. ಅದರಲ್ಲೇ ದೊಡ್ಡ ಹೆಸರು ಮಾಡಿದರು. ಮನೆಯಲ್ಲಿನ ಹಳೆ ಪುಸ್ತಕ ರದ್ದಿಗೆ ಹಾಕೋ ಮುಂಚೆ ಇದನ್ನು ನೆನಪು ಮಾಡಿಕೊಳ್ಳಿ.

1918ರಲ್ಲಿ ಮೈಸೂರಿಗೆ ಬಂದರು. ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದರು. 1921ರಲ್ಲಿ ಕಲ್ಕತ್ತೆಗೆ ಹೊರಟರು. ಆವಾಗ ಹುಡುಗರು ಏನು ಮಾಡಿದರು ಗೊತ್ತೇನು? ಸಾರೋಟಿಗೆ ಹೂವು ಕಟ್ಟಿದರು. ಕುದುರೆ ಬಿಚ್ಚಿದರು. ರೈಲು ನಿಲ್ದಾಣದವರೆಗೆ ತಾವೇ ಎಳೆದರು! ನೀವು ಹಂಪಿ ತೇರು ನೋಡಿದವರು. ತೇರು ಎಳೆಯೋ ಭಕ್ತಿ ಎಂಥದು ಅಂತ ನಿಮಗೆ ಹೇಳಬೇಕಿಲ್ಲ. ಈ ತೇರಿನಾಗ ಮೇಷ್ಟ್ರು ಕುಂತಿದ್ದರು, ಅಷ್ಟೇ.

1962ರಲ್ಲಿ ರಾಷ್ಟ್ರಪತಿ ಆದರು. ನಿಮ್ಮ ಹುಟ್ಟಿದ ಹಬ್ಬ ಮಾಡ್ತೀವಿ ಅಂತ ಶಿಷ್ಯರು ಕೇಳಿದರು. ನನ್ನೊಬ್ಬನದು ಬೇಡ, ಆ ದಿನ ಎಲ್ಲ ಶಿಕ್ಷಕರದಾಗಲಿ ಅಂದರು. ಆ ವರ್ಷದಿಂದ ಶಿಕ್ಷಕರ ದಿನ ನಡೆದು ಬಂದಿದೆ.

ನನಗೆ ಇದಕ್ಕಿಂತ ದೊಡ್ಡದು ಅನಿಸೋದು ಇನ್ನೊಂದು. ಅದು ಅವರು ರಾಷ್ಟ್ರಪತಿ ಆಗೋ ಮುಂಚಿನ ಮಾತು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಸರ್ಕಾರ ಒಂದು ಆಯೋಗ ಮಾಡಿತು. ದೇಶದಲ್ಲಿ ಕಾಲೇಜು ಓದು ಹೇಗಿರಬೇಕು ಅಂತ ಹೇಳೋದು ಅದರ ಕೆಲಸ. ರಾಧಾಕೃಷ್ಣನ್ ಅವರೇ ಅಧ್ಯಕ್ಷರು. ಆ ಆಯೋಗ ಏನು ಹೇಳಿತು ಗೊತ್ತೇ? ಗಂಡಸರು, ಹೆಂಗಸರು, ಇಬ್ಬರಲ್ಲಿ ಒಬ್ಬರಿಗೆ ಮಾತ್ರ ಓದು ಕೊಡಬೇಕಾಗಿ ಬಂದರೆ ಹೆಂಗಸರಿಗೆ ಕೊಡಿ. ಆಗ ಅದು ಮಕ್ಕಳಿಗೂ ಮುಟ್ಟುತ್ತದೆ.

ದೊಡ್ಡ ಮಾತು. ಆದರೂ ನನ್ನದೊಂದು ತಕರಾರು ಇದೆ. ಮಕ್ಕಳಿಗೋಸ್ಕರ ಮಾತ್ರ ತಾಯಿ ಓದಬೇಕೇನು? ತನಗೋಸ್ಕರ ಓದಬಾರದೇನು?

ನಿಮ್ಮೊಳಗೇ ಒಬ್ಬ ಅಕ್ಕ ಇದ್ದಾರೆ. ಹೆಸರು ಹೇಳಬೇಡ ಅಂದಿದ್ದಾರೆ. ಮೊದಲೆಲ್ಲ ಲೆಕ್ಕದ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿ ಬರ್ತಿದ್ದರು. ಹೋದ ತಿಂಗಳು ತಮ್ಮ ಹೆಸರಿನ ಮುಂದೆ ಬರೆದದ್ದನ್ನು ಬೆರಳಿಟ್ಟು ಓದಿದರು. ಐನೂರು ರೂಪಾಯಿ ಕಮ್ಮಿ ಇತ್ತು! ಕೇಳಿದರು. ಬರೆದವರು ಮೊದಲು ನಕ್ಕರಂತೆ. ಅಕ್ಕ ಅಲ್ಲಿಂದ ಏಳಲಿಲ್ಲ. ತಿದ್ದಿಸಿಕೊಂಡೇ ಬಂದರು.

ಅವರಿಗೆ ಅಕ್ಷರ ಕಲಿಸಿದ ಹುಡುಗಿ ಅಲ್ಲಿ ಬಾಗಿಲ ಹತ್ತಿರ ನಿಂತಾಳ. ನಿಮ್ಮ ಮಗಳ ವಯಸ್ಸಿನವಳು. ದಿನಾ ಸಂಜೆ ಲಾಟೀನು ಹಿಡಿದು, ಕರೆಂಟು ಇರಲಿ ಬಿಡಲಿ, ಬರ್ತಾಳ. ಅವಳಿಗೆ ಸಂಬಳ ಇಲ್ಲ. ಅವಳನ್ನು ಯಾರೂ ಮೇಷ್ಟ್ರು ಅಂತ ಕರೆಯೋದೂ ಇಲ್ಲ. ಇವತ್ತು ಅವಳ ದಿನವೂ ಹೌದು.

ಸಾರೋಟು ಎಳೆಯೋದು ಬೇಡ. ನಿಮ್ಮ ಮುಂದೆ ಸ್ಲೇಟು ಅದಾವ. ಅವಳ ಹೆಸರು ಬರೀರಿ, ನೋಡೋಣ.