ಅಳೆಯದ ಇರುಳುಗಳ ಲೆಕ್ಕ



ಒಂದು ಕಾಡು ವರ್ಷಕ್ಕೆ ಎಷ್ಟು ಇಂಗಾಲವನ್ನು ಹೀರಿಕೊಳ್ಳುತ್ತದೆ ಎಂಬ ಅಂಕಿ ಇಂದು ವಿಜ್ಞಾನದ ನಿಯತಕಾಲಿಕಗಳನ್ನು ದಾಟಿ ಸರ್ಕಾರಗಳ ಹವಾಮಾನ ಚರ್ಚೆಗಳಿಗೂ ಇಂಗಾಲದ ಮಾರುಕಟ್ಟೆಗೂ ಬಂದು ತಲುಪಿದೆ. ಆ ಅಂಕಿಯಲ್ಲಿ ಅಳೆದದ್ದೆಷ್ಟು, ಅಂದಾಜಿಸಿದ್ದೆಷ್ಟು ಎಂದು ಕೇಳುವವರು ವಿರಳ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಹಾರ್ವರ್ಡ್ ಅರಣ್ಯದಲ್ಲಿ 1991ರಿಂದ ಈ ಬಗೆಯ ಮಾಪನ ನಡೆದಿದೆ. ಮರಗಳ ನೆತ್ತಿಗಿಂತ ಎತ್ತರದ ಗೋಪುರದ ಮೇಲಿನ ಉಪಕರಣಗಳು ಗಾಳಿಯ ಸುಳಿಗಳನ್ನೂ ಅವು ಹೊತ್ತೊಯ್ಯುವ ಇಂಗಾಲದ ಡೈಆಕ್ಸೈಡನ್ನೂ ಸೆಕೆಂಡಿಗೆ ಹಲವು ಬಾರಿ ಅಳೆಯುತ್ತವೆ. ಇಂಥ ಬಹುತೇಕ ಗೋಪುರಗಳಲ್ಲಿ ಅರ್ಧ ಗಂಟೆಗೊಂದು ಸರಾಸರಿ. ವರ್ಷಕ್ಕೆ 17,520 ಅಂಕಿಗಳು. ಆದರೆ ಅವುಗಳಲ್ಲಿ ಸುಮಾರು ಮೂರನೆಯ ಒಂದು ಪಾಲು ಸಿಗುವುದೇ ಇಲ್ಲ, ಇಲ್ಲವೇ ಬಳಕೆಗೆ ಬರುವುದಿಲ್ಲ ಎಂಬುದನ್ನು 2001ರ ಒಂದು ಪ್ರಮುಖ ಅಧ್ಯಯನವೇ ದಾಖಲಿಸಿತ್ತು.

ಈ ಕೊರತೆ ಎಲ್ಲ ಹೊತ್ತಿನಲ್ಲೂ ಸಮನಾಗಿ ಹಂಚಿಹೋಗಿಲ್ಲ ಎಂಬುದೇ ಇಲ್ಲಿನ ಮುಖ್ಯ ತೊಡಕು. ಮಳೆ ಬಂದಾಗ ಸಂವೇದಕ ತೊಯ್ದು ಕೆಡುತ್ತದೆ. ಗಾಳಿಯಿಲ್ಲದ ಇರುಳಿನ ಕಷ್ಟ ಬೇರೆಯದು: ಮರವೂ ಮಣ್ಣೂ ಉಸಿರು ಬಿಡುತ್ತಲೇ ಇರುತ್ತವೆ, ಆದರೆ ಆ ಅನಿಲ ಗೋಪುರದ ತುದಿಗೆ ಏರದೆ ಕೆಳಗೇ ನಿಲ್ಲುತ್ತದೆ ಅಥವಾ ಇಳಿಜಾರಿನಲ್ಲಿ ಹರಿದುಹೋಗುತ್ತದೆ. ಉಪಕರಣ ಸರಿಯಾಗಿದ್ದೂ ಅದಕ್ಕೆ ಏನೂ ಕಾಣುವುದಿಲ್ಲ. ಆ ಅಂಕಿಗಳನ್ನು ಹಾಗೆಯೇ ಕೂಡಿಸಿದರೆ ಕಾಡು ನಿಜಕ್ಕಿಂತ ಹೆಚ್ಚು ಇಂಗಾಲ ಹೀರಿದಂತೆ ತೋರುತ್ತದೆ. ಆದ್ದರಿಂದ ಸಂಶೋಧಕರು ಗಾಳಿಯ ಕಲಕಾಟಕ್ಕೆ ಒಂದು ಕನಿಷ್ಠ ಮಿತಿ ಗೊತ್ತುಮಾಡಿ, ಅದಕ್ಕಿಂತ ಕೆಳಗಿನ ಇರುಳುಗಳನ್ನು ಕೈಬಿಡುತ್ತಾರೆ.

ಖಾಲಿ ಬಿಟ್ಟರೆ ವಾರ್ಷಿಕ ಮೊತ್ತ ಸಿಗದು. ಹಾಗಾಗಿ ಅದೇ ಬಿಸಿಲು, ಅದೇ ಉಷ್ಣಾಂಶ, ಅದೇ ತೇವವಿದ್ದ ಆಸುಪಾಸಿನ ದಿನಗಳ ಸರಾಸರಿಯಿಂದ ತೆರಪನ್ನು ತುಂಬುವ ವಿಧಾನ ಬಳಕೆಗೆ ಬಂತು. ಯಂತ್ರಕಲಿಕೆಯ ವಿಧಾನಗಳೂ ಜೊತೆಗೂಡಿದವು. 2007ರಲ್ಲಿ ಯುರೋಪಿನ ಕಾಡುಗಳ ದತ್ತಾಂಶದ ಮೇಲೆ ಹದಿನೈದು ವಿಧಾನಗಳನ್ನು ಹೋಲಿಸಿದಾಗ ಉತ್ತಮ ವಿಧಾನಗಳ ನಡುವಣ ಅಂತರ ಅಲ್ಪವೆಂದು ಕಂಡಿತು. ಆದರೆ ಅತ್ಯಂತ ಬಳಕೆಯಲ್ಲಿರುವ ವಿಧಾನವೊಂದು 60 ಡಿಗ್ರಿ ಅಕ್ಷಾಂಶಕ್ಕಿಂತ ಉತ್ತರದ ತಾಣಗಳಲ್ಲಿ ಒಂದೇ ದಿಕ್ಕಿಗೆ ತಪ್ಪುತ್ತದೆ, ಕಾಡು ಹೀರುವುದನ್ನು ಕಡಿಮೆ ತೋರಿಸುತ್ತದೆ ಎಂದು 2023ರ ಅಧ್ಯಯನ ಹೇಳಿತು. ವಾರ್ಷಿಕ ಮೊತ್ತವೆಂದರೆ ಹೀರಿದ್ದು ಮತ್ತು ಬಿಟ್ಟದ್ದು ಎಂಬ ಎರಡು ದೊಡ್ಡ ಮೊತ್ತಗಳ ನಡುವಣ ಸಣ್ಣ ವ್ಯತ್ಯಾಸ. ಒಂದೇ ದಿಕ್ಕಿನ ಕಿರುದೋಷವೂ ಅಲ್ಲಿ ಹಿರಿದಾಗುತ್ತದೆ.

ಇದಕ್ಕಿಂತ ದೊಡ್ಡ ತೆರಪು ಭೂಪಟದ ಮೇಲಿದೆ. ಗೋಪುರಗಳು ದಟ್ಟವಾಗಿರುವುದು ಉತ್ತರ ಅಮೆರಿಕ ಮತ್ತು ಯುರೋಪಿನಲ್ಲಿ. ಅಸ್ಸಾಮಿನ ಕಾಜಿರಂಗದಲ್ಲಿ ಗೋಪುರವೊಂದುಂಟು. ಆದರೆ ಉಷ್ಣವಲಯದ ಬಹುಪಾಲು ಕಾಡುಗಳಿಗೆ ಅದೂ ಇಲ್ಲ. ಜಾಗತಿಕ ನಕ್ಷೆಗಳಲ್ಲಿ ಆ ಕಾಡುಗಳ ಲೆಕ್ಕ ಹೆಚ್ಚಾಗಿ ಬೇರೆಡೆಯ ಅಳತೆಗಳಿಂದ ಕಲಿತ ಮಾದರಿಗಳದ್ದು. ಆ ಲೆಕ್ಕದ ಮೇಲೆ ಕಾಡಿಗೆ ಬೆಲೆ ಕಟ್ಟಿದರೆ, ಅದರ ಫಲ ಉಣ್ಣಬೇಕಾದವರು ಆ ಕಾಡಿನಲ್ಲೇ ಬದುಕುವ ಜನ.

ಅಂದಾಜು ಅಪರಾಧವಲ್ಲ, ಅಂದಾಜನ್ನು ಅಳತೆಯೆಂದು ಮಾರುವುದು ಅಪರಾಧ. ಫ್ಲಕ್ಸ್‌ನೆಟ್ ದತ್ತಾಂಶದಲ್ಲಿ ಪ್ರತಿ ಅರ್ಧ ಗಂಟೆಯ ಅಂಕಿಗೂ ಒಂದು ಗುರುತಿದೆ: ಅಳೆದದ್ದಕ್ಕೆ 0, ತುಂಬಿದ್ದಕ್ಕೆ ಅದರ ಗುಣಮಟ್ಟದಂತೆ 1, 2 ಅಥವಾ 3. ವಿಜ್ಞಾನಿಗಳು ತಮ್ಮ ನಡುವೆ ಪಾಲಿಸುವ ಈ ಪ್ರಾಮಾಣಿಕತೆ ನೀತಿಪತ್ರಗಳಿಗೂ ಇಂಗಾಲದ ಒಪ್ಪಂದಗಳಿಗೂ ಇಳಿಯಬೇಕು. ಕಾಡಿನ ಹೆಸರಿನಲ್ಲಿ ಒಂದು ಟನ್ ಇಂಗಾಲ ಮಾರಾಟಕ್ಕೆ ಬಂದಾಗ ಆ ಗುರುತನ್ನು ತೋರಿಸಿ ಎಂದು ಕೇಳುವುದು ಪ್ರತಿಯೊಬ್ಬ ನಾಗರಿಕರ ಹಕ್ಕು.